ಬೋಜದ ಮಡಕೆ, ಬಿಯರಿನ ಬಕೆಟ್ಟು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳ್ಳಿಮನೆಗಳಲ್ಲಿ ಅಕ್ಕಿ ಬೋಜ, ಅಂದರೆ ಅನ್ನ ಹುದುಗಿಸಿ ಮಾಡುವ ಮದ್ಯ, ಹಾಕಲು ಬೇಕಾಗುತ್ತಿದ್ದ ಸರಂಜಾಮು ತೀರಾ ಕಡಿಮೆ. ಅನ್ನ ಬೇಯಿಸಲು ಒಂದು ಪಾತ್ರೆ, ಬೆಂದ ಅನ್ನ ಹರವಿ ಆರಿಸಲು ಒಂದು ಚಾಪೆ, ಹುದುಗಲು ಇಡಲು ಒಂದು ಮಣ್ಣಿನ ಮಡಕೆ, ಕೊನೆಗೆ ಸೋಸಲು ಒಂದು ತೆಳು ಬಟ್ಟೆ. ಅದೇ ಮನೆಯ ಮೊಮ್ಮಗ ಇವತ್ತು ಎಲ್ಲೋ ದೂರದ ಊರಲ್ಲಿ ಕೂತು ‘ಮನೆಯಲ್ಲೇ ಬಿಯರ್ ಮಾಡಲು ಏನೇನು ಬೇಕು’ ಎಂದು ವಿಚಾರಿಸಿದರೆ ಎದುರಾಗುವ ಪಟ್ಟಿಯೇ ಬೇರೆ. ಮೂವತ್ತು ಲೀಟರಿನ ಸ್ಟೀಲ್ ಪಾತ್ರೆ, ಥರ್ಮಾಮೀಟರ್, ಕಾಳು ನೆನೆಸುವ ಚೀಲ, ತಾಮ್ರದ ಸುರುಳಿ, ಮುಚ್ಚಳವಿರುವ ಬಕೆಟ್, ಏರ್‌ಲಾಕ್, ಹೈಡ್ರೋಮೀಟರ್, ಸೈಫನ್ ಪೈಪು, ಬಾಟಲಿ, ಬಿರಡೆ, ಬಿರಡೆ ಒತ್ತುವ ಯಂತ್ರ, ಇದೆಲ್ಲವನ್ನೂ ತೊಳೆಯಲು ಮತ್ತೊಂದು ದ್ರಾವಣ. ಅಜ್ಜಿಗೆ ನಾಲ್ಕು ಸಾಮಾನಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಮೊಮ್ಮಗನಿಗೆ ಹನ್ನೆರಡು ಯಾಕೆ?

ಸಕ್ಕರೆ ಎಲ್ಲಿಂದ ಬರುತ್ತದೆ ಎಂಬುದನ್ನು ಹಿಡಿದು ಹೊರಟರೆ ಉತ್ತರ ಸಿಕ್ಕುತ್ತದೆ. ಯಾವ ಮದ್ಯವಾದರೂ ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಸಕ್ಕರೆ ತಿಂದು ಬಿಟ್ಟದ್ದೇ. ಅದಕ್ಕೆ ಸಕ್ಕರೆ ಸಿದ್ಧವಾಗಿ ಸಿಕ್ಕರೆ ಸಲಕರಣೆ ಹೆಚ್ಚು ಬೇಡ. ಸಕ್ಕರೆಯನ್ನೇ ಮೊದಲು ತಯಾರಿಸಬೇಕೆಂದರೆ ಸಾಮಾನಿನ ಪಟ್ಟಿ ಬೆಳೆಯುತ್ತದೆ.

ಮಲೆನಾಡಿನಲ್ಲಿ ಸಿದ್ಧ ಸಕ್ಕರೆಯ ದಾರಿ ಬಗನಿ ಮರದ್ದು. ಹೊಂಬಾಳೆ ಕೊಯ್ದರೆ ಸಿಹಿರಸ ತೊಟ್ಟಿಕ್ಕುತ್ತದೆ. ಕೆಳಗೆ ಕಟ್ಟಿದ ಮಡಕೆಯಲ್ಲಿ, ಗಾಳಿಯಲ್ಲೂ ಮಡಕೆಯ ಗೋಡೆಯಲ್ಲೂ ಇರುವ ಯೀಸ್ಟ್ ಅದನ್ನು ಕೆಲವೇ ತಾಸಿನಲ್ಲಿ ಕಳ್ಳು ಮಾಡುತ್ತದೆ. ಕತ್ತಿ, ಏಣಿ, ಮಡಕೆ, ಅಷ್ಟೇ. ಉಳಿದದ್ದು ಮರ ಹತ್ತುವವನ ಕಾಲಿನ ಕಸುಬು. ಈ ಸೀಮೆಯ ದೀವರು ಹಿಂದೆ ಈ ಕಸುಬಿನಲ್ಲಿ ಹೆಸರಾದವರು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಬಗನಿ ಕಳ್ಳಿನ ವಾಸನೆ ಹೊಸದೇನಲ್ಲ.

ಅಕ್ಕಿಯ ದಾರಿ ಇನ್ನೊಂದು. ಅಕ್ಕಿಯಲ್ಲಿ ಇರುವುದು ಪಿಷ್ಟ. ಯೀಸ್ಟಿನ ಬಾಯಿಗೆ ಅದು ನಿಲುಕುವುದಿಲ್ಲ. ಪಿಷ್ಟದ ಉದ್ದ ಸರಪಳಿಯನ್ನು ಯಾರಾದರೂ ತುಂಡು ತುಂಡು ಮಾಡಿ ಸಕ್ಕರೆಯಾಗಿಸಿ ಕೊಡಬೇಕು. ಬೋಜದಲ್ಲಿ ಆ ಕೆಲಸ ಮಾಡುವುದು ಒಣಗಿಸಿಟ್ಟ ಒಂದು ಉಂಡೆ. ಅಕ್ಕಿಹಿಟ್ಟಿಗೆ ಕಾಡಿನ ಬೇರು, ತೊಗಟೆ, ಸೊಪ್ಪು ಕುಟ್ಟಿ ಸೇರಿಸಿ, ಹಳೆಯ ಉಂಡೆಯ ಪುಡಿಯನ್ನು ಬೆರೆಸಿ, ಕಟ್ಟಿ ಒಣಗಿಸಿದ್ದು. ಯಾವ ಬೇರು, ಎಷ್ಟು ಎಂಬುದು ಮನೆಮನೆಗೂ ಬೇರೆ. ಈ ಉಂಡೆಯಲ್ಲಿ ಎರಡು ಬಗೆಯ ಜೀವಿಗಳು ಒಟ್ಟಿಗೆ ನಿದ್ದೆ ಹೋಗಿರುತ್ತವೆ: ಪಿಷ್ಟ ಒಡೆಯುವ ಬೂಷ್ಟು ಮತ್ತು ಸಕ್ಕರೆ ತಿನ್ನುವ ಯೀಸ್ಟ್. ಆರಿದ ಅನ್ನಕ್ಕೆ ಪುಡಿ ಮಾಡಿ ಕಲಸಿದರೆ ಎರಡೂ ಎದ್ದು ಒಂದೇ ಮಡಕೆಯಲ್ಲಿ ಕೆಲಸಕ್ಕೆ ತೊಡಗುತ್ತವೆ. ಬೂಷ್ಟು ಬಿಡಿಸಿಕೊಟ್ಟ ಸಕ್ಕರೆಯನ್ನು ಯೀಸ್ಟ್ ಆಗಿಂದಾಗಲೇ ತಿನ್ನುತ್ತದೆ. ಎಲ್ಲವೂ ಮನೆಯ ಮಾಮೂಲು ಬಿಸಿಯಲ್ಲೇ ನಡೆಯುವುದರಿಂದ ಥರ್ಮಾಮೀಟರಿನ ಹಂಗಿಲ್ಲ. ಮಣಿಪುರದ ಹಮೇಯಿ, ಜಾರ್ಖಂಡ್ ಕಡೆಯ ರಾನು, ಸಿಕ್ಕಿಂ ಮತ್ತು ನೇಪಾಳದ ಮರ್ಚಾ, ಇವೆಲ್ಲ ಇದೇ ಕುಲದ ಉಂಡೆಗಳು.

ಅಗ್ಗದ ಪಾನೀಯ ಎಂದು ಮಾತ್ರ ತಿಳಿಯಬೇಡಿ. ಬೋಜಕ್ಕೆ ಅಕ್ಕಿ ಬೇಕು, ಅಕ್ಕಿ ಉಳಿಯಬೇಕು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದಲೇ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ಎದ್ದದ್ದು, ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದದ್ದು. ಭತ್ತದ ಒಂದೊಂದು ಅಳತೆಗೂ ಹೋರಾಡಬೇಕಿದ್ದ ಮನೆಯಲ್ಲಿ ಅನ್ನವನ್ನು ಹುದುಗಲು ಬಿಡುವುದು ದಿನನಿತ್ಯದ ಮಾತಾಗಿರಲಾರದು.

ಇನ್ನು ಬಿಯರಿನ ದಾರಿ. ಅಲ್ಲಿ ಪಿಷ್ಟ ಒಡೆಯುವ ಕೆಲಸವನ್ನು ಬಾರ್ಲಿ ತಾನೇ ಮಾಡಿಕೊಳ್ಳುತ್ತದೆ. ಕಾಳು ನೆನೆದು ಮೊಳಕೆ ಬಿಡುವಾಗ ಅದರೊಳಗೆ ಎಂಜೈಮುಗಳು ಹುಟ್ಟುತ್ತವೆ. ಮೊಳಕೆಯನ್ನು ಅಲ್ಲಿಗೇ ತಡೆದು ಒಣಗಿಸಿದರೆ ಮಾಲ್ಟ್. ಆದರೆ ಈ ಎಂಜೈಮುಗಳು ಬೂಷ್ಟಿನಷ್ಟು ಹೊಂದಿಕೊಂಡು ಹೋಗುವ ಸ್ವಭಾವದವಲ್ಲ. 62ರಿಂದ 68 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಚುರುಕು. ಕೆಳಗೆ ಇಳಿದರೆ ಕೆಲಸ ನಿಧಾನ, 75 ದಾಟಿದರೆ ಬಹುಬೇಗ ಸತ್ತೇಹೋಗುತ್ತವೆ. ಹಾಗಾಗಿ ಸಕ್ಕರೆ ಮಾಡುವ ಹಂತ, ಕುದಿಸುವ ಹಂತ, ಹುದುಗಿಸುವ ಹಂತ ಒಂದರಿಂದೊಂದು ಬೇರೆಯಾಗುತ್ತವೆ. ಬೋಜದ ಒಂದು ಮಡಕೆ ಬಿಯರಿನಲ್ಲಿ ಮೂರು ಪಾತ್ರೆಗಳಾಗಿ ಒಡೆಯುವುದು ಇಲ್ಲಿಯೇ. ಪಟ್ಟಿಯಲ್ಲಿರುವ ಹಲವು ಸಾಮಾನು ಉಂಡೆ ಇಲ್ಲದ್ದಕ್ಕೆ ತೆತ್ತ ಬೆಲೆ.

ಮೊದಲ ಪಾತ್ರೆಯ ಮಾತು. ಪೇಟೆಯ ಪಟ್ಟಿಗಳು ಸಾಮಾನ್ಯವಾಗಿ ಇಪ್ಪತ್ತು ಲೀಟರ್ ಬಿಯರಿನ ಲೆಕ್ಕದಲ್ಲಿರುತ್ತವೆ, ಅಂದರೆ ಹತ್ತಿರ ಹತ್ತಿರ ಅಮೆರಿಕದ ಐದು ಗ್ಯಾಲನ್. ಹೊಸಬರಿಗೆ ಅದು ಅನಗತ್ಯ. ಐದು ಲೀಟರಿನಿಂದ ಶುರು ಮಾಡಿದರೆ ಹತ್ತು ಲೀಟರಿನ ಸ್ಟೀಲ್ ಪಾತ್ರೆ ಸಾಕು, ಅಡುಗೆಮನೆಯ ಗ್ಯಾಸ್ ಒಲೆ ಸಾಕು, ಎತ್ತಿಡಲು ಇನ್ನೊಬ್ಬರು ಬೇಕಿಲ್ಲ. ಬೇಕಾಗುವ ಮಾಲ್ಟ್ ಸುಮಾರು 1.2 ಕಿಲೋ, ಕಹಿಗೆ ಹಾಕುವ ಹಾಪ್ಸ್ ಹೂವು ಹತ್ತು ಗ್ರಾಮಿನ ಒಳಗೆ. ಕೆಟ್ಟರೂ ಚೆಲ್ಲುವುದು ಐದೇ ಲೀಟರ್.

ಅಡಿಕೆ ತೋಟದ ಮನೆಯವರಿಗೆ ಪಾತ್ರೆಯ ಬರವಿಲ್ಲ. ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಹಂಡೆ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ವರ್ಷಗಟ್ಟಲೆ ಚೊಗರು ಕುದಿದ ಹಂಡೆಯ ಒಳಗೋಡೆಗೆ ಒಗರು ಮೆತ್ತಿಕೊಂಡಿರುತ್ತದೆ. ಅದು ಯಾವ ತೊಳೆತಕ್ಕೂ ಪೂರ್ತಿ ಬಿಡದು. ಆಲೆಮನೆಯ ಕೊಪ್ಪರಿಗೆಯಂತೂ ಐದು ಲೀಟರಿಗೆ ಆನೆ ಗಾತ್ರ. ತಾಮ್ರದ ಬಚ್ಚಲ ಹಂಡೆಯಲ್ಲಿ ಕುದಿಸಬಹುದು, ಯೂರೋಪಿನ ಹಳೆಯ ಬ್ರೂವರಿಗಳ ಕಡಾಯಿಗಳೂ ತಾಮ್ರದವೇ. ಹುದುಗಲು ಮಾತ್ರ ತಾಮ್ರದಲ್ಲಿ ಬಿಡಕೂಡದು. ಹುದುಗುತ್ತಾ ಹೋದಂತೆ ಹುಳಿ ಏರಿ ತಾಮ್ರ ಕರಗಿ ಇಳಿಯುತ್ತದೆ. ಕಬ್ಬಿಣ ಯಾವ ಹಂತಕ್ಕೂ ಬೇಡ, ಬಾಯಲ್ಲಿ ತುಕ್ಕಿನ ರುಚಿ ನಿಲ್ಲುತ್ತದೆ.

ಒಡೆದ ಮಾಲ್ಟನ್ನು ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ 66 ಡಿಗ್ರಿಯ ನೀರಿನಲ್ಲಿ ಒಂದು ತಾಸು ನೆನೆಸುವುದು, ಆಮೇಲೆ ಚೀಲ ಎತ್ತಿ ಹಿಂಡಿ, ಅದೇ ಪಾತ್ರೆಯಲ್ಲಿ ಕುದಿಸುವುದು. ಈ ಚೀಲದ ಪದ್ಧತಿ ಆಸ್ಟ್ರೇಲಿಯಾದ ಹವ್ಯಾಸಿಗಳಿಂದ ಜನಪ್ರಿಯವಾದದ್ದು. ಇದರಿಂದ ಒಂದು ಇಡೀ ಪಾತ್ರೆಯ ಖರ್ಚು ಉಳಿಯುತ್ತದೆ. ಪಂಚೆ ಬಟ್ಟೆ ಹೊಲಿದರೂ ನಡೆಯುತ್ತದೆ. ಒಂದು ತಾಸು ಬಿಸಿ ಕಾಯ್ದಿಡುವುದು ಹೇಗೆ? ಒಲೆ ಆರಿಸಿ, ಮುಚ್ಚಳ ಹಾಕಿ, ಪಾತ್ರೆಗೆ ದಪ್ಪ ಕಂಬಳಿ ಸುತ್ತಿ ಬಿಡುವುದು. ಮಳೆಗಾಲದಲ್ಲಿ ಗದ್ದೆಗೆ ಹೊದ್ದುಕೊಂಡು ಹೋಗುವ ಕರಿಕಂಬಳಿ ಈ ಕೆಲಸಕ್ಕೆ ಸಾವಿರಾರು ರೂಪಾಯಿಯ ಡಬ್ಬಕ್ಕಿಂತ ಹಿಂದೆ ಬೀಳುವುದಿಲ್ಲ.

ಥರ್ಮಾಮೀಟರಿಗೆ ಮಾತ್ರ ಬದಲಿ ಇಲ್ಲ. ಕೈಬೆರಳು ಅದ್ದಿ ಬೆಲ್ಲದ ಹದ ಹೇಳುವ ನುರಿತವರಿಗೂ 64ಕ್ಕೂ 70ಕ್ಕೂ ವ್ಯತ್ಯಾಸ ಹೇಳಲು ಬಾರದು, ಎರಡೂ ಕೈ ಸುಡುತ್ತವೆ. ಆದರೆ ಕುಡಿಯುವವನಿಗೆ ಗೊತ್ತಾಗುತ್ತದೆ: ಒಂದು ತೆಳು, ಚುರುಕು, ಇನ್ನೊಂದು ಮಂದ, ಸಿಹಿ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಜೇಮ್ಸ್ ಬೇವರ್‌ಸ್ಟಾಕ್ ಎಂಬ ಬಿಯರ್ ತಯಾರಕ ಥರ್ಮಾಮೀಟರನ್ನು ತಂದೆಗೆ ಕಾಣದಂತೆ ಬಳಸುತ್ತಿದ್ದನಂತೆ. ಅಪ್ಪನಿಗೆ ಇಂಥ ಹೊಸ ಆಟಿಕೆಗಳೆಂದರೆ ಆಗುತ್ತಿರಲಿಲ್ಲ. ಅಡುಗೆಗೆ ಬಳಸುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಇವತ್ತು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ.

ಸಿಹಿನೀರು ಸಿದ್ಧವಾದ ಮೇಲೆ ಒಂದು ತಾಸು ಕುದಿತ. ನೊರೆ ಉಕ್ಕಿ ಒಲೆಯೆಲ್ಲ ಅಂಟಾಗುವುದು ಈ ಹೊತ್ತಿನಲ್ಲಿಯೇ, ಹಾಲಿಗಿಂತ ಮೋಸದ್ದು. ಪಾತ್ರೆ ದೊಡ್ಡದಿರಬೇಕು ಎನ್ನುವುದು ಇದಕ್ಕೇ. ಕುದಿಯುವಾಗ ಹಾಕುವ ಹಾಪ್ಸ್ ಹೂವು ಕಹಿ ಕೊಡುತ್ತದೆ, ಕೆಡಿಸುವ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಯೂರೋಪಿನಲ್ಲೂ ಹಾಪ್ಸ್ ಬರುವ ಮುಂಚೆ ಕಾಡಿನ ಸೊಪ್ಪು ಬೇರುಗಳೇ ಬಿಯರಿಗೆ ಬೀಳುತ್ತಿದ್ದವು. ನಮ್ಮ ದೇಶದಲ್ಲಿ ಹಾಪ್ಸ್ ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ, ಬಾರ್ಲಿ ರಾಜಸ್ಥಾನ, ಉತ್ತರಪ್ರದೇಶ, ಹರಿಯಾಣಗಳಲ್ಲಿ. ಶರಾವತಿಯ ಆಚೀಚೆ ಇವೆರಡೂ ಇಲ್ಲ.

ಇರುವುದು ನೀರು. ಬಿಯರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿ ಇರುವುದು ಅದೇ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಅದರೊಡನೆ ಪಂದ್ಯಕ್ಕೆ ನಿಲ್ಲುತ್ತದೆ. ಇಷ್ಟು ಮಳೆ ತೊಳೆದ ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣದ ಅಂಶ ಉಳಿಯುವುದು ಅಷ್ಟಕ್ಕಷ್ಟೇ, ಆದ್ದರಿಂದ ಗುಡ್ಡದ ನೀರು ಮೆದು. 1842ರಲ್ಲಿ ಬೊಹೀಮಿಯಾದ ಪಿಲ್ಸೆನ್ ಊರಲ್ಲಿ ಯೋಸೆಫ್ ಗ್ರೋಲ್ ಮಾಡಿದ ಹೊಂಬಣ್ಣದ ಬಿಯರು ಜಗತ್ತನ್ನು ಗೆದ್ದದ್ದು ಇಂಥದೇ ಮೆದುನೀರಿನ ಬಲದಿಂದ. ಅಬ್ಬಿಯ ನೀರೋ ತೆರೆದ ಬಾವಿಯ ನೀರೋ ಇದ್ದವರಿಗೆ ಅದೇ ಒಳ್ಳೆಯದು. ಕೊಳವೆಬಾವಿಯಲ್ಲಿ ಕಬ್ಬಿಣವಿದ್ದರೆ ಬೇಡ. ಪಟ್ಟಣದ ನಲ್ಲಿ ನೀರನ್ನು ಹಿಂದಿನ ರಾತ್ರಿಯೇ ತೆರೆದ ಪಾತ್ರೆಯಲ್ಲಿ ಹಿಡಿದಿಡುವುದು ಲೇಸು. ಕ್ಲೋರಿನ್ ಉಳಿದರೆ ಬಿಯರಿಗೆ ಆಸ್ಪತ್ರೆಯ ವಾಸನೆ ಅಂಟುತ್ತದೆ.

ತಣಿಸುವ ತಾಮ್ರದ ಸುರುಳಿಯನ್ನು ಐದು ಲೀಟರಿನವರು ಕೊಳ್ಳಬೇಕಿಲ್ಲ. ಮುಚ್ಚಳ ಹಾಕಿದ ಪಾತ್ರೆಯನ್ನು ದೊಡ್ಡ ಬಾನಿಯಲ್ಲಿಟ್ಟು ಸುತ್ತ ತಣ್ಣೀರು ಬದಲಿಸುತ್ತಿದ್ದರೆ ಅರ್ಧ ತಾಸಿನಲ್ಲಿ ಉಗುರುಬೆಚ್ಚಗಾಗುತ್ತದೆ. ಅಡಿಕೆ ದಬ್ಬೆಯಲ್ಲಿ ಹಗಲೂ ರಾತ್ರಿ ನೀರು ಹರಿದು ಬರುವ ಮನೆಯಲ್ಲಿ ಇದು ಪುಕ್ಕಟೆ.

ತಣಿದ ಕ್ಷಣದಿಂದ ಆಟ ಬದಲಾಗುತ್ತದೆ. ಕುದಿಯುವವರೆಗೆ ಕೊಳೆ ಬಿದ್ದರೂ ಬೆಂಕಿ ನೋಡಿಕೊಳ್ಳುತ್ತಿತ್ತು. ಇನ್ನು ಬಿದ್ದರೆ ಬಿದ್ದ ಹಾಗೆಯೇ. ಸೌಟು, ಪೈಪು, ಬಕೆಟ್, ಕೈ, ಎಲ್ಲವೂ ಬರೀ ತೊಳೆದರೆ ಸಾಲದು, ಸೂಕ್ಷ್ಮಜೀವಿ ಕೊಲ್ಲುವ ದ್ರಾವಣದಲ್ಲಿ ಅದ್ದಿರಬೇಕು. ಅಪ್ಪೆಮಿಡಿ ಭರಣಿಗೆ ಒದ್ದೆ ಸೌಟು ಹಾಕಿದವರನ್ನು ವರ್ಷವಿಡೀ ಬೈಯುವ ಅಜ್ಜಿಯಂದಿರು ಇರುವ ಮನೆಗಳಿಗೆ ಈ ಪಾಠ ಹೇಳಿಕೊಡಬೇಕಿಲ್ಲ. ಆದರೆ ಆ ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬವನ್ನೇ ಬಿಯರಿಗೆ ಬಳಸುವ ಉಳಿತಾಯ ಬೇಡ, ಸಾಸಿವೆಯ ಘಾಟು ಪ್ಲಾಸ್ಟಿಕ್ಕಿನೊಳಗೆ ಸೇರಿರುತ್ತದೆ. ಆಹಾರಕ್ಕೆ ತಕ್ಕ ಪ್ಲಾಸ್ಟಿಕ್ಕಿನ ಎಂಟು ಲೀಟರ್ ಬಕೆಟ್ ಹೊಸದಾಗಿ ತಂದು, ಬೇರೆ ಯಾವುದಕ್ಕೂ ಕೊಡದೆ ಎತ್ತಿಡಬೇಕು. ತೆಂಗಿನ ನಾರು, ಸ್ಟೀಲ್ ಉಜ್ಜುಗ ತಾಗಿಸಕೂಡದು: ಗೀರು ಬಿದ್ದಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ, ದ್ರಾವಣ ಅಲ್ಲಿಗೆ ಇಳಿಯುವುದಿಲ್ಲ.

ಮುಚ್ಚಳದ ಮೇಲೆ ಸಿಕ್ಕಿಸುವ ಏರ್‌ಲಾಕ್ ನೋಡಲು ಆಟದ ಸಾಮಾನು. ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಹಾವಿನ ಹಾಗೆ ತಿರುಚಿದ್ದು, ಹೊಟ್ಟೆಯಲ್ಲಿ ಎರಡು ಗುಂಡು, ಅದರೊಳಗೆ ಸ್ವಲ್ಪ ನೀರು. ಯೀಸ್ಟ್ ಹಾಕಿದ ದಿನ ಏನೂ ಆಗುವುದಿಲ್ಲ. ಮಾರನೇ ಬೆಳಗ್ಗೆ ನೀರು ಒಂದು ಬದಿಯ ಗುಂಡಿನಲ್ಲಿ ಮೇಲೇರಿ ನಿಂತಿರುತ್ತದೆ. ನೋಡುತ್ತಿರುವಂತೆ ಒಂದು ಗುಳ್ಳೆ ಗುಳುಕ್ ಎಂದು ದಾಟಿ ಹೋಗುತ್ತದೆ, ನೀರು ಹಿಂದೆ ಬೀಳುತ್ತದೆ, ಮತ್ತೆ ಏರತೊಡಗುತ್ತದೆ. ಸಂಜೆಯ ಹೊತ್ತಿಗೆ ಎಣಿಸಲಾಗದಷ್ಟು ಗುಳ್ಳೆ. ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು: ಇಷ್ಟೇ ಇದರ ಕೆಲಸ. ಸಿಗದಿದ್ದರೆ ಮುಚ್ಚಳದ ತೂತಿನಿಂದ ಒಂದು ಸಣ್ಣ ಪೈಪು ಎಳೆದು ನೀರಿನ ಬಾಟಲಿಯಲ್ಲಿ ಮುಳುಗಿಸಿದರೂ ಆಯಿತು. ಬೋಜದ ಮಡಕೆಗೆ ಬಟ್ಟೆ ಸಾಕಾಗುತ್ತಿತ್ತಲ್ಲ ಎಂದರೆ, ಅದನ್ನು ಕೆಲವೇ ದಿನದಲ್ಲಿ ಕುಡಿದು ಮುಗಿಸುತ್ತಿದ್ದರು. ಬಿಯರ್ ಬಕೆಟ್ಟಿನಲ್ಲೇ ಎರಡು ವಾರ, ಬಾಟಲಿಯಲ್ಲಿ ಮತ್ತೆರಡು ವಾರ ಕಳೆಯಬೇಕು.

ಯಾವ ತಿಂಗಳಲ್ಲಿ ಎನ್ನುವುದೂ ಒಂದು ಸಲಕರಣೆಯೇ. ಏಲ್ ಬಗೆಯ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. ಹುದುಗುವಾಗ ಅದು ತಾನೇ ಎರಡು ಮೂರು ಡಿಗ್ರಿ ಬಿಸಿ ಏರಿಸಿಕೊಳ್ಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಲೆನಾಡಿನ ಮಣ್ಣುಗೋಡೆಯ ಮನೆಯ ಒಳಕೋಣೆ ಮಳೆಗಾಲದಲ್ಲೂ ಚಳಿಗಾಲದಲ್ಲೂ ಹೆಚ್ಚುಕಡಿಮೆ ಇದಕ್ಕೆ ಹತ್ತಿರ ಬರುತ್ತದೆ. ಮಾರ್ಚ್, ಏಪ್ರಿಲ್ ಬೇಡ. ಬಿಸಿಯಲ್ಲಿ ಹುದುಗಿದ ಬಿಯರು ಗಂಟಲಿಗೆ ಚುಚ್ಚುತ್ತದೆ, ಮಾರನೇ ದಿನ ತಲೆಗೂ. ಪೇಟೆಯ ಲಾಗರ್ ಬಿಯರಿನಂಥದ್ದೇ ಬೇಕೆಂದರೆ ಹತ್ತು ಡಿಗ್ರಿಯ ಆಸುಪಾಸು ವಾರಗಟ್ಟಲೆ ಕಾಯ್ದುಕೊಳ್ಳಬೇಕು, ಅದಕ್ಕೊಂದು ಫ್ರಿಜ್ಜನ್ನೇ ಮೀಸಲಿಡಬೇಕು. ಮಳೆ ಗಾಳಿಗೆ ದಿನಗಟ್ಟಲೆ ಕರೆಂಟು ಹೋಗುವ ಊರಲ್ಲಿ ಆ ಹುಚ್ಚು ಯಾಕೆ? ಮಳೆಗಾಲಕ್ಕೆ ಇನ್ನೊಂದು ಕಾಟ, ತೇವ. ಗೋಡೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುವ ಆಷಾಢದಲ್ಲಿ ಮಾಲ್ಟ್ ಚೀಲ ಬಿಚ್ಚಿಟ್ಟರೆ ಮೆತ್ತಗಾಗಿ ಕೆಡುತ್ತದೆ. ಗಾಳಿಯಾಡದ ಡಬ್ಬ ಬೇಕು. ಹಾಪ್ಸ್ ಮತ್ತು ಯೀಸ್ಟ್ ಫ್ರಿಜ್ಜಿನಲ್ಲಿ.

ಹೈಡ್ರೋಮೀಟರ್ ಹೆಸರು ಕೇಳಿ ಹೆದರುವವರು ಹಳ್ಳಿಯ ಹಾಲಿನ ಡೈರಿಗೆ ಹೋಗಿ ನೋಡಬಹುದು. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡಲು ಅದ್ದುವ ಲ್ಯಾಕ್ಟೋಮೀಟರ್ ಇದರ ಖಾಸಾ ತಮ್ಮ. ಲ್ಯಾಕ್ಟೋಮೀಟರಿನ 28 ಎಂದರೆ ಹಾಲು ನೀರಿಗಿಂತ 1.028 ಪಟ್ಟು ಭಾರ ಎಂದರ್ಥ. ಬಿಯರಿನ ಸಿಹಿನೀರು ಶುರುವಿನಲ್ಲಿ ಸುಮಾರು 1.048 ತೂಗುತ್ತದೆ, ಹಾಲಿನ ಕಡ್ಡಿಯ ಅಳತೆ ಅಲ್ಲಿಯವರೆಗೆ ಹೋಗುವುದಿಲ್ಲ. ಹಾಗಾಗಿ ಬೇರೆಯದು ಕೊಳ್ಳಲೇಬೇಕು. ಯೀಸ್ಟ್ ಸಕ್ಕರೆ ತಿನ್ನುತ್ತಾ ಹೋದಂತೆ ದ್ರವ ಹಗುರಾಗಿ ಕಡ್ಡಿ ಇಳಿಯುತ್ತದೆ. ಕೊನೆಗೆ 1.010ಕ್ಕೆ ನಿಂತಿತು ಎನ್ನಿ. ಎರಡರ ವ್ಯತ್ಯಾಸ 0.038, ಅದನ್ನು 131ರಿಂದ ಗುಣಿಸಿದರೆ ಹತ್ತಿರ ಹತ್ತಿರ 5. ಅಂದರೆ ನೂರಕ್ಕೆ ಐದು ಪಾಲು ಆಲ್ಕೋಹಾಲ್. ಬೋಜದಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ, ಸಕ್ಕರೆ ಹುಟ್ಟುವುದೂ ಖರ್ಚಾಗುವುದೂ ಒಟ್ಟಿಗೇ ನಡೆಯುತ್ತಿರುತ್ತದೆ. ಮಡಕೆಯೊಳಗಿನ ಗಟ್ಟಿತನ ಎಷ್ಟೆಂದು ಹೇಳುವುದು ಕುಡಿದವನ ನಡಿಗೆ ಮಾತ್ರ.

ಈ ಕಡ್ಡಿಯನ್ನು ಶೋಕಿಯ ಸಾಮಾನೆಂದು ಬಿಡುವವರಿಗೆ ಅಪಾಯ ಕಾದಿರುವುದು ಬಾಟಲಿ ತುಂಬುವಾಗ. ನೊರೆ ಬರಲೆಂದು ಬಾಟಲಿಗೆ ಚೂರು ಸಕ್ಕರೆ ಹಾಕಿ ಬಿರಡೆ ಒತ್ತುತ್ತಾರೆ. 650 ಮಿಲಿಲೀಟರಿನ ಬಾಟಲಿಗೆ ನಾಲ್ಕು ಗ್ರಾಮ್ ಸಾಕು. ಒಳಗಿನ ಯೀಸ್ಟ್ ಅದನ್ನು ತಿಂದು ಅನಿಲ ಬಿಡುತ್ತದೆ, ಹೋಗಲು ದಾರಿಯಿಲ್ಲದೆ ಅನಿಲ ಬಿಯರಿನಲ್ಲೇ ಕರಗುತ್ತದೆ. ಆದರೆ ಹುದುಗು ಪೂರ್ತಿ ಮುಗಿಯದೆ ತುಂಬಿದರೆ, ಅಥವಾ ಕೈಯಳತೆಯಲ್ಲಿ ಸಕ್ಕರೆ ಸುರಿದರೆ ಗಾಜು ಸಿಡಿಯುತ್ತದೆ. ಬಿಯರ್ ಮಾಡುವ ಮನೆಯಲ್ಲಿ ಆಗುವ ನಿಜವಾದ ಅನಾಹುತ ಇದೇ. ಎರಡು ಮೂರು ದಿನ ಬಿಟ್ಟು ಬಿಟ್ಟು ಅಳೆದಾಗಲೂ ಕಡ್ಡಿ ಒಂದೇ ಗೆರೆಗೆ ನಿಂತರೆ ಮಾತ್ರ ಬಾಟಲಿಯ ಯೋಚನೆ. ಒಂದು ಬಾಟಲಿಯಷ್ಟನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿಟ್ಟರೆ ಹಿಸುಕಿ ನೋಡಿ ಒತ್ತಡ ತಿಳಿಯಬಹುದು; ಕಲ್ಲಿನಷ್ಟು ಗಟ್ಟಿಯಾದರೆ ಉಳಿದವನ್ನು ಫ್ರಿಜ್ಜಿಗೆ ಸೇರಿಸುವುದು ಜಾಣತನ. ಕಂದು ಗಾಜೇ ಆಗಬೇಕು. ಹಸಿರು, ಬಿಳಿ ಬಾಟಲಿಯಲ್ಲಿ ಬೆಳಕು ತಾಗಿ ಹಾಪ್ಸ್ ಕೆಟ್ಟ ನಾತ ಹೊಡೆಯುತ್ತದೆ. ಬಿರಡೆ ಒತ್ತುವ ಕೈಯಂತ್ರ ಚಿಕ್ಕದಾದರೂ ಒಳ್ಳೆಯದನ್ನೇ ತೆಗೆದುಕೊಳ್ಳಬೇಕು. ಕೆಗ್ಗು, ಗ್ಯಾಸ್ ಸಿಲಿಂಡರ್, ನಲ್ಲಿ, ಮಾಲ್ಟ್ ಒಡೆಯುವ ಗಿರಣಿ, ಇವೆಲ್ಲ ಹವ್ಯಾಸ ಹಿಡಿದ ಮೇಲಿನ ಮಾತು. ಪಟ್ಟಿ ಬರೆಯುವವರಿಗೆ ಇವನ್ನು ಮಾರುವ ಆತುರ ಇರುತ್ತದೆ.

ಹಾಗಾದರೆ ನಾಳೆಯೇ ಸಾಗರದಲ್ಲಿ ಶುರು ಮಾಡಬಹುದೇ? ಆಗದು. ಕರ್ನಾಟಕ ಅಬಕಾರಿ ಕಾಯ್ದೆ, 1965ರ 13ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಅಷ್ಟೇ ಅಲ್ಲ, ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಪಾತ್ರೆ, ಉಪಕರಣ ಇಟ್ಟುಕೊಳ್ಳುವುದೂ ಅಪರಾಧ. ಮಾರುವುದಕ್ಕಲ್ಲ, ಮನೆಯವರಿಗೆ ಮಾತ್ರ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಬೋಜದ ಮಡಕೆಯೂ ಬಿಯರಿನ ಬಕೆಟ್ಟೂ ಈ ಕಲಮಿನ ಕಣ್ಣಿಗೆ ಒಂದೇ. ಈ ಕಾಯ್ದೆಗೆ ಮುಂಚೆ ಹಳೆಯ ಮೈಸೂರು ಸೀಮೆಯಲ್ಲಿ 1901ರ ಅಬಕಾರಿ ಶಾಸನವಿತ್ತು. ಮದ್ಯದ ಮೇಲಿನ ಸರ್ಕಾರದ ಹಿಡಿತ ಇವತ್ತು ನಿನ್ನೆಯದಲ್ಲ.

ಹಿಡಿತಕ್ಕೆ ಕಾರಣವಿಲ್ಲದೆ ಇಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು. ಮುಂದಿನ ವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಅದಕ್ಕೆ ತಾಗಿದ ತಮಿಳುನಾಡಿನ ಗಡಿಯಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಆದರೆ ಇಲ್ಲೊಂದು ಗೊಂದಲ ಬಿಡಿಸಬೇಕು. ಇಂಥ ಸಾವುಗಳಿಗೆ ಕಾರಣ ಕೈಗಾರಿಕೆಯ ಮೆಥನಾಲ್ ಕಲಬೆರಕೆ. ಮಾಲ್ಟನ್ನೋ ಅನ್ನವನ್ನೋ ಹುದುಗಿಸಿದಾಗ ಹುಟ್ಟುವ ಮೆಥನಾಲ್ ತೀರಾ ಅಲ್ಪ. ಬಟ್ಟಿ ಇಳಿಸುವುದು ಬೇರೆ, ಹುದುಗಿಸುವುದು ಬೇರೆ. 2020ರ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿ ಮುಚ್ಚಿದಾಗ ಈ ಎರಡರ ಗೆರೆ ಮರೆತವರು ಎಷ್ಟೋ ಜನ.

ಬೇರೆ ಕಡೆ ಕಾಯ್ದೆಗಳು ಬೇರೆ ದಾರಿ ಹಿಡಿದಿವೆ. ಬ್ರಿಟನ್ 1963ರಲ್ಲಿ ಮನೆಬಳಕೆಯ ಬಿಯರಿಗೆ ಬೇಕಿದ್ದ ಲೈಸೆನ್ಸನ್ನೇ ಎತ್ತಿಹಾಕಿತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಒಬ್ಬ ವಯಸ್ಕನಿಗೆ ವರ್ಷಕ್ಕೆ ನೂರು ಗ್ಯಾಲನ್ ಎಂದರೆ ಸುಮಾರು 380 ಲೀಟರ್, ಒಂದು ಮನೆಗೆ ಅದರ ಇಮ್ಮಡಿಯವರೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿತು; ಕೊನೆಯ ರಾಜ್ಯಗಳಾದ ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ನಮ್ಮಲ್ಲೇ ಜಾರ್ಖಂಡಿನಂಥ ಕಡೆ ಆದಿವಾಸಿಗಳು ಮನೆಬಳಕೆಗೆ ಅಕ್ಕಿಯ ಹಂಡಿಯಾ ಮಾಡಿಕೊಳ್ಳಲು ರಿಯಾಯಿತಿಯಿದೆ. ಅಸ್ಸಾಮಿನ ದಿಮಾಸಾ ಜನರ ಅಕ್ಕಿ ಮದ್ಯ ಜೂಡಿಮಾಗೆ 2021ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕರ್ನಾಟಕದಲ್ಲಿ ಬೆಂಗಳೂರಿನ ಮೈಕ್ರೊಬ್ರೂವರಿಗಳಿಗೆ 2010ರ ದಶಕದ ಆರಂಭದಿಂದ ಬಾಗಿಲು ತೆರೆದಿದೆ, ಗಾಜಿನ ಗೋಡೆಯಾಚೆ ಸಾವಿರ ಲೀಟರಿನ ಸ್ಟೀಲ್ ತೊಟ್ಟಿಗಳು ಹೊಳೆಯುತ್ತವೆ. ಐದು ಲೀಟರಿನವನಿಗೆ ಅಲ್ಲಿ ಜಾಗವಿಲ್ಲ. ಸಾವಿರ ಲೀಟರ್ ಮಾಡುವವನನ್ನು ನಂಬುವ ಕಾಯ್ದೆ, ಅಕ್ಕಿಯ ಮಡಕೆಯೊಂದನ್ನು ಸಾರಾಯಿ ಬಟ್ಟಿಯ ಸಾಲಿನಲ್ಲೇ ನಿಲ್ಲಿಸುವುದು ಸರಿಯಾಗಿ ಕಾಣುವುದಿಲ್ಲ.

ಹಾಗಾಗಿ ಸದ್ಯಕ್ಕೆ ಈ ಸಲಕರಣೆಗಳನ್ನು ಕಾನೂನಿನ ಭಯವಿಲ್ಲದೆ ಹರಡಿಕೊಳ್ಳುವವರು ಕಡಲಾಚೆಗೆ ಹೋಗಿ ನೆಲೆಸಿದ ಮಲೆನಾಡಿನವರು. ಅವರಲ್ಲಿ ಊರಿನ ಕೆಂಪಕ್ಕಿ ಬಳಸುವ ಆಸೆಯಿದ್ದವರಿಗೆ ಒಂದು ಲೆಕ್ಕ: ಒಟ್ಟು ಕಾಳಿನಲ್ಲಿ ನಾಲ್ಕರಲ್ಲೊಂದು ಪಾಲು ಅಕ್ಕಿ, ಉಳಿದದ್ದು ಮಾಲ್ಟ್. ಅಕ್ಕಿಗೆ ತನ್ನದೇ ಎಂಜೈಮ್ ಇಲ್ಲದಿದ್ದರೂ ಮಾಲ್ಟಿನಲ್ಲಿ ಇಬ್ಬರಿಗೂ ಆಗುವಷ್ಟಿದೆ. ಆದರೆ ಅಕ್ಕಿಯನ್ನು ಹಸಿಯಾಗಿ ಹಾಕಬಾರದು. ಅದರ ಪಿಷ್ಟ ಬಿಚ್ಚಿಕೊಳ್ಳಲು 66 ಡಿಗ್ರಿ ಸಾಲದು. ಗಂಜಿಯ ಹಾಗೆ ನುಣ್ಣಗೆ ಬೇಯಿಸಿ, ಆರಿಸಿ, ಆಮೇಲೆ ಮಾಲ್ಟಿನ ಜೊತೆ ಸೇರಿಸಬೇಕು. ಗಂಜಿ ಸೇರಿದ ಮೇಲೆ ಬಟ್ಟೆಯ ಕಣ್ಣು ಕಟ್ಟಿಕೊಂಡು ಸೋಸುವುದು ತಡವಾಗುತ್ತದೆ. ಒಂದು ಹಿಡಿ ತೊಳೆದ ಭತ್ತದ ಹೊಟ್ಟು ಬೆರೆಸಿದರೆ ನೀರು ಸಲೀಸಾಗಿ ಇಳಿಯುತ್ತದೆ. ಅಲ್ಲಿನ ಬಿಯರ್ ಸಾಮಾನಿನ ಅಂಗಡಿಗಳಲ್ಲಿ ಆ ಹೊಟ್ಟನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ.